ನೀಲವ್ವನ ಹವಾಯಿ ಜಹಾಜು

ನಾನು ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಹುಣಸೆಗಿಡದಲ್ಲಿ ದೆವ್ವ ಇದೆ ಎಂದ ಹುಡುಗರನ್ನು ಅದೇ ಗಿಡದ ಕೆಳಗೆ ಕೂಡಿಸಿ ಮಗ್ಗಿ ಹೇಳಿಸಿದ್ದೇನೆ. ಊರಲ್ಲಿ ಯಾರ ಮೈಮೇಲೆ ಯಾರು ಬಂದರೂ ನಾನು ಹೋಗಿ ನೋಡಿದವನಲ್ಲ. ಹೊಟ್ಟೆ ತುಂಬ ರೊಟ್ಟಿ ಹಾಕಿರಿ, ಬಂದವರು ತಾವೇ ಹೋಗುತ್ತಾರೆ ಎಂದು ನಗೆಯಾಡುತ್ತಿದ್ದೆ. ಇಂಥವನು ಈಗ ಹೇಳಹೊರಟದ್ದನ್ನು ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ನಿಜಾಮರ ಆಳಿಕೆ, ಹೊರಗೆ ದೊಡ್ಡ ಯುದ್ಧ ನಡೆದಿತ್ತು. ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರ. ಓದಿದ್ದು ಉರ್ದು, ಕಲಿಸುತ್ತಿದ್ದದ್ದು ಉರ್ದು, ಮನೆಯ ಮಾತು ಮಾತ್ರ ಕನ್ನಡ. ಗುಡ್ಡದ ಬುಡದಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ಹೆಂಡತಿ ಶಾಂತಮ್ಮ, ಆರು ವರ್ಷದ ಮಗಳು ನೀಲವ್ವ, ಮೂರೇ ಜನ. ಆಗಾಗ ಗುಡ್ಡದ ಮೇಲೆ ಎತ್ತರದಲ್ಲಿ ಒಂದು ವಿಮಾನ, ನಮ್ಮ ಉರ್ದುವಿನ ಹವಾಯಿ ಜಹಾಜು, ಹೋಗುತ್ತಿತ್ತು. ಶಬ್ದ ಕೇಳಿದರೆ ನೀಲವ್ವ ಉಣ್ಣುವ ತಾಟು ಬಿಟ್ಟು ಅಂಗಳಕ್ಕೆ ಓಡುತ್ತಿದ್ದಳು. ಅದು ಕಾಣದಾದ ಮೇಲೂ ಬಹಳ ಹೊತ್ತು ಮುಗಿಲು ನೋಡುತ್ತ ನಿಲ್ಲುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ಶಾಂತಮ್ಮನ ತಮ್ಮ ಬಂದ. ಆಕೆಯ ತವರು ಸಿಂಧನೂರು. ಈತ ಸಿಕಂದರಾಬಾದಿನಲ್ಲಿ ನೌಕರಿಯಲ್ಲಿದ್ದ. ಕೈಯಲ್ಲಿ ಒಂದು ರಟ್ಟಿನ ಡಬ್ಬಿ. "ಮಾಮಾ, ನೀಲವ್ವಗ ಹವಾಯಿ ಜಹಾಜ್ ತಂದೀನಿ. ಕೂಡ್ಸೋದು ನಿಮ್ಮ ಕೆಲಸ. ಬರಹ ಇಂಗ್ಲಿಷಿನ್ಯಾಗ ಐತಿ, ಚಿತ್ರ ನೋಡ್ಕೋತ ಮಾಡ್ರಿ" ಎಂದ. ನನಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಆರು ಚಿತ್ರ ನೋಡಿ ಒಂದು ಆಟಿಕೆ ಮಾಡಲಾರದವನು ಮಾಸ್ತರನೇ?

ಡಬ್ಬಿಯಲ್ಲಿ ಬೆಂಡಿನಷ್ಟು ಹಗುರಾದ ಕಟ್ಟಿಗೆಯ ಪಟ್ಟಿಗಳು, ಈರುಳ್ಳಿ ಸಿಪ್ಪೆಯಂಥ ತೆಳು ಕಾಗದದ ಒಂದೇ ಹಾಳೆ, ಮೂಗಿಗೆ ಕೂಡಿಸುವ ಕಟ್ಟಿಗೆಯ ಪಂಖಾ, ಒಂದು ತಂತಿಯ ಕೊಕ್ಕೆ, ಉದ್ದನೆಯ ರಬ್ಬರು ಎಳೆ. ಅಂಟಿನ ನಳಿಗೆ ಒಣಗಿ ಕಲ್ಲಾಗಿತ್ತು. ನಾನು ಜಾಲಿಗಿಡದ ಅಂಟು ತಂದು ನೀರಲ್ಲಿ ನೆನೆಸಿದೆ. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಅಪ್ಪ ಮಗಳು ಕೂಡುತ್ತಿದ್ದೆವು. ನಾನು ಪಟ್ಟಿ ಹೊಂದಿಸುವುದು, ಆಕೆ ಅಂಟು ಸವರಿ ಒಣಗುವವರೆಗೆ ಉಸಿರು ಹಿಡಿದು ಒತ್ತಿಕೊಂಡು ಕೂಡುವುದು. ಉಸಿರು ಯಾಕೆ ಹಿಡಿಯುತ್ತೀ ಎಂದರೆ, "ಊದಿದ್ರ ಹಾರಿಹೋಗತೈತಿ" ಎನ್ನುತ್ತಿದ್ದಳು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಚಿತ್ರಗಳು ಎರಡು ಸಾಲಿನಲ್ಲಿದ್ದವು, ಸಾಲಿಗೆ ಮೂರು. ಅಂಕಿ ಹಾಕಿರಲಿಲ್ಲ. ನಾನು ಹುಟ್ಟಾ ಉರ್ದು ಓದಿದ ರೂಢಿಯಂತೆ ಬಲಗಡೆಯಿಂದ ಶುರುಮಾಡಿದೆ. ಮೇಲಿನ ಸಾಲಿನಲ್ಲಿ ರೆಕ್ಕೆ, ಬಾಲ, ಮೈಯ ಹಂದರ. ಯಾವುದನ್ನು ಮೊದಲು ಮಾಡಿದರೂ ನಡೆಯುತ್ತಿತ್ತು, ಹಾಗಾಗಿ ನನ್ನ ಧೈರ್ಯ ಹೆಚ್ಚಾಯಿತು. ಕೆಳಗಿನ ಸಾಲನ್ನೂ ಹಾಗೆಯೇ ಬಲದಿಂದ ಎಡಕ್ಕೆ ಓದಿದೆ. ಮೊದಲು ಮೂಗಿಗೆ ಪಂಖಾ ಕೂಡಿಸಿದೆವು. ಆಮೇಲೆ ಮೈಗೆಲ್ಲ ಕಾಗದ ಅಂಟಿಸಿದೆವು. ಹೊಟ್ಟೆಯ ಭಾಗವನ್ನು ನೀಲವ್ವ ಒಬ್ಬಳೇ ಅಂಟಿಸಿದಳು. ನನ್ನ ಮಸಿಕುಡಿಕೆಯಲ್ಲಿ ಕೈ ಆಡಿಸಿ ಬಂದಿದ್ದರಿಂದ ಕಾಗದದ ಅಂಚಿನ ಮೇಲೆ ಆಕೆಯ ಹೆಬ್ಬೆರಳು ನೀಲಿಯಾಗಿ ಮೂಡಿತು. ಇನ್ನು ಉಳಿದದ್ದು ಎಡತುದಿಯ ಚಿತ್ರ. ಅದನ್ನು ನೋಡಿದ ಮೇಲೆಯೇ ತಪ್ಪು ತಿಳಿಯಿತು. ಖಾಲಿ ಹಂದರದೊಳಗೆ ಬಾಲದ ಕೊಕ್ಕೆಯಿಂದ ಮೂಗಿನವರೆಗೆ ರಬ್ಬರು ಎಳೆದು ಕಟ್ಟಿದ ಚಿತ್ರ ಅದು. ಪಂಖಾ ತಿರುವಿದರೆ ರಬ್ಬರು ಹುರಿಗೊಳ್ಳಬೇಕು, ಬಿಟ್ಟರೆ ಬಿಚ್ಚಿಕೊಳ್ಳುತ್ತ ವಿಮಾನವನ್ನು ಹಾರಿಸಬೇಕು. ಅದನ್ನು ಕಾಗದ ಹಚ್ಚುವ ಮೊದಲೇ ಕಟ್ಟಬೇಕಿತ್ತು. ಇಂಗ್ಲಿಷಿನವರು ಎಡದಿಂದ ಓದುತ್ತಾರೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಕನ್ನಡವೂ ಹಾಗೆಯೇ ಅಲ್ಲವೇ? ಕೈಯ ರೂಢಿ ಬುದ್ಧಿಗಿಂತ ಮುಂದೆ ಓಡಿತ್ತು.

"ಅಪ್ಪಾ, ಇವು ಉಳದಾವಲ್ಲ?" ಎಂದು ನೀಲವ್ವ ಕೊಕ್ಕೆ, ರಬ್ಬರು ತೋರಿಸಿದಳು.

"ಹೆಚ್ಚಿಗಿ ಹಾಕಿರ್ತಾರಬೇ. ಕಳದ್ರ ಇರ್ಲಿ ಅಂತ."

"ಹಂಗಾರ ಹಾರತೈತಿ?"

"ಹಾರತೈತಿ. ಆಷಾಢದ ಗಾಳಿ ಬರ್ಲಿ, ಗುಡ್ಡದ ಮ್ಯಾಲೆ ಹಾರ್ಸೋಣು."

ತಪ್ಪಾಯಿತವ್ವಾ ಎನ್ನಲು ನನ್ನ ಬಾಯಿಂದ ಆಗಲಿಲ್ಲ. ತಪ್ಪು ಮಾಡಿದ ಮಕ್ಕಳ ಕೈಗೆ ಛಡಿ ಕೊಡುತ್ತಿದ್ದವನು ನಾನು. ಕೊಕ್ಕೆ ಮತ್ತು ರಬ್ಬರನ್ನು ಒಂದು ಅರಿವೆಯ ಚೂರಿನಲ್ಲಿ ಸುತ್ತಿ ನನ್ನ ಕಲಮದಾನಿಯಲ್ಲಿಟ್ಟು ಬೀಗ ಹಾಕಿದೆ. ಲೇಖಣಿ, ಮಸಿ ಇಡುವ ಆ ಪೆಟ್ಟಿಗೆಯ ಕೀಲಿ ಯಾವಾಗಲೂ ನನ್ನ ಉಡದಾರದಲ್ಲಿರುತ್ತಿತ್ತು. ಹಚ್ಚಿದ ಕಾಗದ ಹರಿದು ರಬ್ಬರು ಕಟ್ಟಿ ಹೊಸದು ಹಚ್ಚಿದರಾಯಿತೆಂದು, ಅಂಥದೇ ಕಾಗದ ಇನ್ನೊಂದು ಹಾಳೆ ಕಳಿಸು, ಇದ್ದದ್ದು ನೀರು ಬಿದ್ದು ಹಾಳಾಯಿತು ಎಂದು ಸಿಕಂದರಾಬಾದಿಗೆ ಪತ್ರ ಬರೆದೆ. ಅದೂ ಸುಳ್ಳೇ. ವಿಮಾನವನ್ನು ಗೋಡೆಯ ಗೂಡಿನಲ್ಲಿ, ಪಂಖಾ ಗೋಡೆಗೆ ತಾಗುವಂತೆ ಇಟ್ಟೆವು. ನೀಲವ್ವ ದಿನಾ ಎದ್ದವಳೇ ಅಂಗಳಕ್ಕೆ ಹೋಗಿ ಬೆರಳೆತ್ತಿ ಗಾಳಿ ನೋಡುತ್ತಿದ್ದಳು.

ಗಾಳಿ ಬರುವ ಮೊದಲು ಜ್ವರ ಬಂತು. ಊರಿನ ಔಷಧಿ ನಾಟಲಿಲ್ಲ. ಐದನೆಯ ದಿನ ಬಂಡಿ ಕಟ್ಟಿಕೊಂಡು ಲಿಂಗಸೂಗೂರಿನ ದವಾಖಾನೆಗೆ ಹೊರಟೆವು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗು ದಾರಿಯಲ್ಲಿ ಒಮ್ಮೆ ಕಣ್ಣು ತೆರೆದಳು. ಬಂಡಿಯ ತಟ್ಟಿಗೆ ಗಾಳಿ ಬಡಿಯುತ್ತಿತ್ತು.

"ಅಪ್ಪಾ, ಗಾಳಿ ಬಂದೈತಿ. ಖರೇನ ಹಾರತೈತಲ್ಲ?"

ನಿಜ ಹೇಳಲು ದೇವರು ಕೊಟ್ಟ ಕೊನೆಯ ಅವಕಾಶ ಅದು. ನಾನು, "ಖರೇನ ಹಾರತೈತಿ" ಎಂದೆ. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮೂರನೆಯ ದಿನ ಅದೇ ಬಂಡಿಯಲ್ಲಿ ನೀಲವ್ವನನ್ನು ಹೊದಿಸಿಕೊಂಡು ಮಸ್ಕಿಗೆ ತಂದೆವು. ಗುಡ್ಡದ ಹಿಂದಿನ ಹೊಲದಲ್ಲಿ ಮಣ್ಣು ಮಾಡಿದೆವು.

ಈಗ ಹೇಳಬೇಕಾದದ್ದು ಅದರ ಮೂರನೆಯ ದಿನದ್ದು. ಹಾಲು-ತುಪ್ಪ ಬಿಟ್ಟು ಮನೆಗೆ ಬಂದಿದ್ದೆವು. ಬಂದ ನಾಲ್ಕು ಜನವೂ ಹೊರಟುಹೋಗಿದ್ದರು. ನಡುಮಧ್ಯಾಹ್ನ, ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಶಾಂತಮ್ಮ ಹಿತ್ತಲಲ್ಲಿದ್ದಳು. ಗೂಡಿನಲ್ಲಿದ್ದ ವಿಮಾನ ಆಕೆಯ ಕಣ್ಣಿಗೆ ಬೀಳಬಾರದೆಂದು, ಖರೆ ಹೇಳಬೇಕೆಂದರೆ ನನ್ನ ಕಣ್ಣಿಗೆ ಬೀಳಬಾರದೆಂದು, ಅದನ್ನು ಎತ್ತಿ ಅಟ್ಟದ ಮೇಲೆ ಎಸೆಯಲು ಹೋದೆ.

ಕೈಗೆ ತೆಗೆದುಕೊಂಡ ಕೂಡಲೇ ತೂಕದಲ್ಲಿ ಏನೋ ಬೇರೆ ಎನಿಸಿತು. ಪಂಖಾ ತಿರುಗದಂತೆ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಹೋಯಿತು, ಯಾಕೆಂದರೆ ಅದು ಬೆರಳನ್ನು ಒತ್ತುತ್ತಿತ್ತು. ವಿಮಾನವನ್ನು ಬಾಗಿಲ ಬೆಳಕಿಗೆ ಹಿಡಿದೆ. ತೆಳು ಕಾಗದದ ಒಳಗೆ ಬಾಲದಿಂದ ಮೂಗಿನವರೆಗೆ ಒಂದು ಕಪ್ಪು ಗೆರೆ ಕಂಡಿತು. ಅದು ಗಂಟುಗಂಟಾಗಿ ಹುರಿಗೊಂಡ ರಬ್ಬರು. ತಿರುವಿ ತಿರುವಿ ಬಿಗಿ ಮಾಡಿದಂತಿತ್ತು.

ಕಾಗದ ಎಲ್ಲಿಯೂ ಹರಿದಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದೆ. ಹೊಟ್ಟೆಯ ಅಂಚಿನ ಮೇಲೆ ನೀಲಿ ಹೆಬ್ಬೆರಳು ಅರ್ಧ ಕಾಗದದ ಮೇಲೆ, ಅರ್ಧ ಕಟ್ಟಿಗೆಯ ಮೇಲೆ ಮೊದಲು ಬಿದ್ದ ಹಾಗೆಯೇ ಇತ್ತು. ಕಾಗದ ಬಿಚ್ಚಿ ಮತ್ತೆ ಹಚ್ಚಿದ್ದರೆ ಆ ಗುರುತು ಕೂದಲೆಳೆಯಷ್ಟಾದರೂ ಸರಿಯಬೇಕಿತ್ತು. ಎಡಗೈಯಿಂದ ಉಡದಾರದ ಕೀಲಿ ಬಿಚ್ಚಿ ಕಲಮದಾನಿ ತೆರೆದೆ. ಬೀಗ ಸರಿಯಾಗಿತ್ತು. ಅರಿವೆಯ ಚೂರು ಇತ್ತು, ಸುತ್ತಿದ್ದು ಸುತ್ತಿದಂತೆಯೇ. ಒಳಗೆ ಏನೂ ಇರಲಿಲ್ಲ.

ಬೆರಳು ಸಡಿಲವಾಯಿತೆಂದು ತೋರುತ್ತದೆ. ಪಂಖಾ ಗುರ್ರೆಂದು ತಿರುಗತೊಡಗಿತು. ಅಂಗೈಯಲ್ಲಿ ಹಿಡಿದ ಗುಬ್ಬಿ ಕೊಸರುವಂತೆ ವಿಮಾನ ಬಾಗಿಲ ಕಡೆಗೆ, ಹೊರಗಿನ ಗಾಳಿಯ ಕಡೆಗೆ ಜಗ್ಗಿತು. ನಾನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೆ.

ಶಾಂತಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ರಬ್ಬರಿನ ವಿಷಯ ಆಕೆಗೆ ಗೊತ್ತಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಆಕೆಯ ಮುಖದಲ್ಲಿ ಹೆದರಿಕೆಯಾಗಲಿ ಆಶ್ಚರ್ಯವಾಗಲಿ ಕಾಣಲಿಲ್ಲ.

"ಬಿಡ್ರೀ," ಎಂದಳು. ನಾನು ಬಿಡಲಿಲ್ಲ. "ಅದನ್ನ ಬಿಡ್ರೀ, ಹೋಗ್ಲಿ. ಗಾಳಿ ಬಂದೈತಿ."

ಅದು ಕೈಯಲ್ಲಿ ತಿರುಗುತ್ತಲೇ ಇತ್ತು. ಬೆರಳಿಗೆ ಬಡಿಯುತ್ತಿತ್ತು, ಕಾಗದ ನಡುಗುತ್ತಿತ್ತು. ನಾನು ಎದೆಗೆ ಅವುಚಿಕೊಂಡೆ. ಹೊರಗೆ ಹೋದರೆ ಮತ್ತೆ ಸಿಗುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೊನೆಗೆ ಪಂಖಾ ನಿಧಾನವಾಯಿತು. ಎರಡು ಸುತ್ತು, ಒಂದು ಸುತ್ತು, ಆಮೇಲೆ ನಿಂತಿತು. ಶಾಂತಮ್ಮ ಒಳಗೆ ಹೋದಳು.

ಸಿಕಂದರಾಬಾದಿನಿಂದ ಕಾಗದದ ಹಾಳೆ ಬಂದದ್ದು ಅದಾಗಿ ಒಂದು ವಾರಕ್ಕೆ. ಅಂದರೆ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಅಂಥ ಕಾಗದದ ಚೂರೂ ಇರಲಿಲ್ಲ. ದುಃಖದಲ್ಲಿ ನಾನೇ ಎದ್ದು ಮಾಡಿ ಮರೆತಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ಕಾಗದ ಹರಿಯದೆ ಹೇಗೆ ಮಾಡಲಿ? ಬೇಕಾದಷ್ಟು ಸಲ ಕೂತು ಲೆಕ್ಕ ಹಾಕಿದ್ದೇನೆ, ಬಗೆಹರಿದಿಲ್ಲ.

ಆ ದಿನದ ಮಾತನ್ನು ಶಾಂತಮ್ಮ ಬದುಕಿರುವವರೆಗೆ ಒಂದೇ ಸಲ ಎತ್ತಿದಳು, ಬಹಳ ವರ್ಷಗಳಾದ ಮೇಲೆ, ರೊಟ್ಟಿ ಬಡಿಯುತ್ತ. "ಅಷ್ಟು ದೂರಿಂದ ಬಂದು ತಿರುವಿಟ್ಟಿದ್ಳು," ಎಂದಳು. "ಒಂದು ಸಲ ಹಾರಸಬೇಕಿತ್ರೀ ನೀವು."

ವಿಮಾನ ಈಗಲೂ ನನ್ನ ಟ್ರಂಕಿನಲ್ಲಿದೆ. ರಬ್ಬರು ಒಣಗಿ ಎಂದೋ ಪುಡಿಯಾಗಿದೆ, ಅಲ್ಲಾಡಿಸಿದರೆ ಹೊಟ್ಟೆಯೊಳಗೆ ಸದ್ದಾಗುತ್ತದೆ. ರಬ್ಬರು ಒಳಗೆ ಹೋದದ್ದು ಹೇಗೆ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಈ ಕೈ ಆ ದಿನ ಯಾಕೆ ಬಿಡಲಿಲ್ಲ ಎಂಬುದೂ ಗೊತ್ತಿಲ್ಲ. ಆಷಾಢ ಬಂದರೆ ನಾನು ಬಾಗಿಲು ಹಾಕಿಕೊಂಡು ಕೂಡುತ್ತೇನೆ.