ಬಿಳಿ ಚೆಂಡಿಗೆ ಇಟ್ಟ ಕುಂಕುಮ

ವಿಷ್ಣುತೀರ್ಥರು ಬ್ಯಾಂಕಿನ ಅಧಿಕಾರಿಯಾದರೂ ಚೆನ್ನೈನ ಕೀಲ್ಪಾಕಿನ ನಮ್ಮ ಕನ್ನಡ ಸಂಘದಲ್ಲಿ ಅವರಿಗೆ ಇದ್ದ ಹೆಸರು ‘ಚೆಂಡಿನ ಮಾವ’. ಸಂಘದ ಬಿಲಿಯರ್ಡ್ಸ್ ಕೋಣೆ ಅವರ ಸುಪರ್ದಿಯಲ್ಲಿತ್ತು. ತೊಂಬತ್ತೆಂಟರಲ್ಲಿ ಹೊಸ ಚೆಂಡು ಕೊಳ್ಳಲು ಹೋದಾಗ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಕೆಂಪು, ಬಿಳಿ, ಹಳದಿ ಮೂರನ್ನೂ ತಕ್ಕಡಿಗೆ ಹಾಕಿಸಿದರು. ಗಾಜಿನ ಮೇಲೆ ಉರುಳಿಸಿ, ದಾರಿ ತಪ್ಪಿ ವಾಲುತ್ತದೆಯೇ ಎಂದು ಬಗ್ಗಿ ನೋಡಿದರು. ಒಂದಕ್ಕೊಂದು ತಾಗಿಸಿ ಸದ್ದು ಕೇಳಿದರು. ಮಗಳಿಗೆ ಗಂಡು ನೋಡುವಾಗಲೂ ಜನ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ನಾನು ಗೊಣಗಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಶನಿವಾರ ಬಂತೆಂದರೆ ಚೆಂಡುಗಳಿಗೆ ಅಭ್ಯಂಜನ. ಉಗುರು ಬೆಚ್ಚಗಿನ ನೀರು, ತುಸು ಸೋಪು, ಆಮೇಲೆ ಮೆತ್ತನೆಯ ಬಟ್ಟೆ. ಬಿಸಿಲು ತಾಗಕೂಡದು, ಎಣ್ಣೆಗೈ ಸೋಕಕೂಡದು. ಆ ಬಟ್ಟೆ ಅವರ ಹೆಂಡತಿ ಕಲಾವತಿಯವರ ಹಳೆಯ ನೂಲಿನ ಸೀರೆಯದು. ಅಂಚು ಮಡಚಿ ಹೊಲಿದು ಕೊಡುತ್ತಿದ್ದವರೂ ಅವರೇ. ಆದರೆ ಚೆಂಡು ಮುಟ್ಟುವ ಅಧಿಕಾರ ಮಾತ್ರ ಅವರಿಗಿರಲಿಲ್ಲ.

ಎರಡು ಸಾವಿರದ ಒಂದರ ಆಯುಧಪೂಜೆಗೆ ಸಂಘಕ್ಕೆ ಮನೆಮಂದಿಯೆಲ್ಲ ಬಂದಿದ್ದರು. ಕಲಾವತಿಯವರು ತಟ್ಟೆ ಹಿಡಿದು ಮೇಜಿಗೆ, ಕೋಲುಗಳಿಗೆ ಕುಂಕುಮವಿಟ್ಟರು. ಗಂಡನ ಪ್ರಾಣವೇ ಇರುವ ಚೆಂಡುಗಳನ್ನು ಬಿಡುವುದುಂಟೇ? ಬಿಳಿ ಚೆಂಡಿಗೂ ಒದ್ದೆ ಕುಂಕುಮದ ಬೊಟ್ಟು ಬಿತ್ತು.

“ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಎಲ್ಲಾ ಹಾಳು ಮಾಡಿಬಿಟ್ಟೆ!” ಎಂದು ವಿಷ್ಣುತೀರ್ಥರು ಅಷ್ಟೂ ಜನರೆದುರು ಕೂಗಿದರು. ನನಗೆ ಅವರ ಬಾಯಿ ಮುಚ್ಚಬೇಕೆನಿಸಿತು. ಕಲಾವತಿಯವರು ತಟ್ಟೆ ಕೆಳಗಿಟ್ಟು, ಆಟೋ ಹತ್ತಿ ಮನೆಗೆ ಹೋದರು.

ಅವರು ಹೋದಮೇಲೆ ನಾನೇ ನೋಡಿದೆ, ವಿಷ್ಣುತೀರ್ಥರು ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಬೊಟ್ಟು ಹೋಯಿತು. ಗುರುತೂ ಉಳಿಯಲಿಲ್ಲ.

ಬಟ್ಟೆಗಳು ಮೊದಲಿನಂತೆಯೇ ಹೊಲಿದು ಬರುತ್ತಿದ್ದವು. ಸಂಘಕ್ಕೆ ಮಾತ್ರ ಕಲಾವತಿಯವರು ಮತ್ತೆ ಬರಲಿಲ್ಲ. ಪ್ರತಿ ಆಯುಧಪೂಜೆಗೆ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಕೊನೆಗೆ ಈಳಿಗೆಮಣೆಗೂ ಕುಂಕುಮ ಸಲ್ಲುತ್ತಿತ್ತು. ಗಂಡನ ಆಟದ ಕೋಲು ಮೂಲೆಯಲ್ಲಿ ಬರಿದಾಗಿ ನಿಂತಿರುತ್ತಿತ್ತು. ವಿಷ್ಣುತೀರ್ಥರು ಅದನ್ನು ನೋಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. “ಕರೆದು ಒಂದು ಮಾತು ಹೇಳಿ ಸಾರ್” ಎಂದು ನಾನು ಹೇಳಿದರೆ, “ಹೇಳ್ತೀನಪ್ಪಾ” ಎನ್ನುತ್ತಿದ್ದರು.

ಹಾಗೆ ಹೇಳಲು ಆರು ವರ್ಷ ಬೇಕಾಯಿತು. ಆ ಹಬ್ಬದ ದಿನ ಚೆಂಡುಗಳನ್ನು ಮನೆಗೆ ತಂದು ತಾವೇ ಮಣೆಯ ಮೇಲೆ ಜೋಡಿಸಿದರು. ಪುರಿ, ಕಡಲೆ ತಿನ್ನಲು ನಾನೂ ಹೋಗಿದ್ದೆ.

“ಇವಕ್ಕೂ ಇಡು ಕಲಾ.”

“ಬೇಡ ರೀ, ಕಲೆಯಾಗತ್ತೆ.”

“ಆಗಲ್ಲ ಕಣೇ. ಅವತ್ತೇ ಒರೆಸಿದ ತಕ್ಷಣ ಹೋಗಿತ್ತು.”

ಕಲಾವತಿಯವರ ಕೈ ತಟ್ಟೆಯ ಮೇಲೇ ನಿಂತಿತು. “ಅವತ್ತೇ ಹೋಗಿತ್ತಾ? ನಾನು ಹಾಳು ಮಾಡಿಬಿಟ್ಟೆ ಅಂತ ಇಷ್ಟು ವರ್ಷ ಸಂಕಟಪಟ್ಟೆನಲ್ರೀ! ಒಂದ್ಸಲ ಹೇಳ್ಬಾರದಿತ್ತಾ?”

ವಿಷ್ಣುತೀರ್ಥರ ಕಣ್ಣು ತುಂಬಿತು. ಕಲಾವತಿಯವರು ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, “ನೀವೇ ಇಡಿ” ಎಂದು ಒಳಗೆ ಹೋದರು.

ವಿಷ್ಣುತೀರ್ಥರು ಬಿಳಿ ಚೆಂಡಿಗೆ ದಪ್ಪಗೆ ಕುಂಕುಮವಿಟ್ಟು, ಮರುದಿನದವರೆಗೂ ಒರೆಸದೆ ಬಿಟ್ಟರು. ಈ ಸಲ ಕಲೆ ಉಳಿಯಿತು. ಚೆಂಡನ್ನು ಹಾಗೆಯೇ ಸಂಘಕ್ಕೆ ತಂದಿಟ್ಟು, ನಮ್ಮ ಕಾರ್ಯದರ್ಶಿ ಕೇಳಿದಾಗ, “ನಾನೇ ಹಾಳು ಮಾಡಿದ್ದು” ಎಂದರು.