ಅರ್ಧ ತಾಸು ಮುಂದಿದ್ದ ಗೋಪಾಲ ಕಾಕಾ

ಗೋಪಾಲ ಕಾಕಾನ ಕೈಗಡಿಯಾರ ಯಾವಾಗಲೂ ಅರ್ಧ ತಾಸು ಮುಂದಿರುತ್ತಿತ್ತು. ಕೆಟ್ಟು ಹಾಗಾದದ್ದಲ್ಲ, ಅವನೇ ಬಾಂಗ್ಲಾದೇಶದ ಸಮಯಕ್ಕೆ ಇಟ್ಟುಕೊಂಡಿದ್ದ. ಸಿಂಧನೂರು ಹತ್ತಿರ, ಗಡಿಯಾಚೆಯಿಂದ ಬಂದ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಕ್ರಾಸಿನಲ್ಲಿ ಅವನ ಅಂಗಡಿ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಷೀನು ರಿಪೇರಿ ಮಾಡುತ್ತಿದ್ದ. ಟೈಮ್ ಕೇಳಿದವರು ಮೊದಲೇ ಹೇಳಿಬಿಡುತ್ತಿದ್ದರು: "ಏ ಕಾಕಾ, ಢಾಕಾದ್ದು ಬ್ಯಾಡಪಾ, ಸಿಂಧನೂರದ್ದು ಹೇಳು."

ನಾನು ಗೊರೇಬಾಳದವನು. ಲಿಂಗಸುಗೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಬಸ್ಸು ಬರುವವರೆಗೆ ಅವನ ಅಂಗಡಿಯ ಬೆಂಚಿನ ಮೇಲೆ ಕೂರುವುದು ರೂಢಿಯಾಗಿತ್ತು. ಅವನ ಗಡಿಯಾರ ನಂಬಿ ನಾನು ಬಸ್ಸಿಗೆ ಓಡಿದ್ದು ಒಮ್ಮೆ ಮಾತ್ರ ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ ಮೂರು ಸಲ ಬರೆದುಕೊಂಡಿದ್ದೇನೆ. ಆದ್ದರಿಂದ ಮುಂದೆ ಹೇಳುವುದನ್ನೂ ಸ್ವಲ್ಪ ಹುಷಾರಾಗಿಯೇ ಹೇಳುತ್ತೇನೆ.

ಹತ್ತು ವರ್ಷದವನಿದ್ದಾಗ ಅಪ್ಪನ ಕೈ ಹಿಡಿದು ಗಡಿ ದಾಟಿ ಬಂದವನು ಕಾಕಾ. ಮದುವೆಯಾಗಿದ್ದ ಅಕ್ಕ ಅಲ್ಲೇ ಉಳಿದಳು. ಪ್ರತಿ ಶುಕ್ರವಾರ ಅವಳ ಗಡಿಯಾರದಲ್ಲಿ ಬೆಳಿಗ್ಗೆ ಹತ್ತಾದಾಗ ಫೋನ್ ಬರುತ್ತಿತ್ತು. ಗಡಿಯಾರದ ಮುಳ್ಳು ಮುಂದೆ ಹೋದದ್ದು ಆ ಫೋನಿಗಾಗಿ. ಅಲ್ಲಿ ಕರೆಂಟು ಎಷ್ಟು ತಾಸು ಹೋಗುತ್ತದೆ, ಅಡುಗೆ ಎಣ್ಣೆ ಸಿಗುತ್ತದೋ ಇಲ್ಲವೋ, ಅಂಗಿ ಹೊಲಿಯುವ ಫ್ಯಾಕ್ಟರಿಗೆ ಹೋಗುವ ಅಕ್ಕನ ಮೊಮ್ಮಗಳಿಗೆ ಪಗಾರ ಆಯಿತೋ ಇಲ್ಲವೋ, ಇಷ್ಟನ್ನು ಕೇಳಿಕೊಂಡು ಫೋನ್ ಇಟ್ಟರೆ ಆ ದೇಶದ ಸ್ಥಿತಿ ಅವನಿಗೆ ತಿಳಿದಂತೆ. ವಿದೇಶಿ ವಿನಿಮಯದ ಬಗ್ಗೆ ಪೇಪರಿನಲ್ಲಿ ಬಂದದ್ದನ್ನು ನಾನು ಓದಿ ಹೇಳಿದರೆ ನಗುತ್ತಿದ್ದ. "ಪೇಪರಿನವ್ರು ಢಾಕಾ ನೋಡ್ತಾರ ಮಾಸ್ತರ, ನಾ ನಮ್ಮಕ್ಕನ ಒಲಿ ನೋಡ್ತೀನಿ."

ಊರವರಿಗೂ ಆ ಒಲೆಯ ಮೇಲೆ ನಂಬಿಕೆ ಬಂದಿತ್ತು. ಒಂದು ಸುಗ್ಗಿಯಲ್ಲಿ ನಮ್ಮಪ್ಪ ಭತ್ತ ಮಾರಲೋ ಬೇಡವೋ ಎಂದು ಕೇಳಲು ಹೋದ. ಕಾಕಾ ಸ್ಪ್ಯಾನರ್ ಕೆಳಗಿಟ್ಟು ಗಂಭೀರವಾಗಿ ಹೇಳಿದ: "ಅಕ್ಕನ ಊರಾಗ ಅಕ್ಕಿ ತುಟ್ಟಿ ಆಗೇತಿ. ಅಲ್ಲಿಯವ್ರು ನಮ್ಮ ಅಕ್ಕಿ ಕೇಳಾಕ ಬಂದಽ ಬರ್ತಾರ. ಹಿಡಿರಿ ಅಣ್ಣಾರ, ಮಾರಬ್ಯಾಡ್ರಿ." ಅಪ್ಪ ಚೀಲಗಳನ್ನು ಮನೆಯಲ್ಲೇ ಇಟ್ಟ. ಅಷ್ಟರಲ್ಲಿ ದೆಹಲಿಯವರು ಅಕ್ಕಿ ಹೊರದೇಶಕ್ಕೆ ಹೋಗದಂತೆ ನಿಲ್ಲಿಸಿದರು, ಭತ್ತದ ದರ ಬಿತ್ತು. ಕಾಕಾ ನಮ್ಮ ಮನೆಗೇ ಬಂದು ಕಟ್ಟೆಯ ಮೇಲೆ ಕೂತ.

"ನಾ ಆ ಸರ್ಕಾರ ನೋಡ್ಕೋಂತ ಕುಂತೆ, ಬಾಗಲಾ ಈ ಸರ್ಕಾರ ಹಾಕಿಬಿಡ್ತು ನೋಡ್ರಿ."

ಅಪ್ಪ ನಕ್ಕು ಚಹಾ ತರಿಸಿದ ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅವ್ವ ಅದನ್ನು ಒಪ್ಪುವುದಿಲ್ಲ. "ಎಲ್ಲಿ ನಗ್ತಾನಲೇ? ತಿಂಗಳಾನುಗಟ್ಟಲೆ ಕಾಕಾನ ಕೂಡ ಮಾತು ಬಿಟ್ಟಿದ್ದ."

ಕಾಕಾನಿಗೆ ಇದ್ದದ್ದು ಒಂದೇ ಆಸೆ, ಕಣ್ಣು ಮುಚ್ಚುವುದರೊಳಗೆ ಅಕ್ಕನ ಮುಖ ನೋಡಬೇಕು. ಕಾಗದ ಪತ್ರಕ್ಕಾಗಿ ವರ್ಷಗಟ್ಟಲೆ ಅಲೆದು ಅರವತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ಮಾಡಿಸಿದ. ಅದು ಕೈಗೆ ಬಂದ ಸ್ವಲ್ಪ ದಿನಕ್ಕೆ ಅಲ್ಲಿ ಸರ್ಕಾರ ಬಿತ್ತು, ಎರಡು ದೇಶಗಳ ನಡುವೆ ಮುನಿಸು ಬೆಳೆಯಿತು, ವೀಸಾ ಸಿಗದಂತಾಯಿತು. ಆಗ ಅಕ್ಕ-ತಮ್ಮ ಇಬ್ಬರೂ ಫೋನಿನಲ್ಲೇ ಒಂದು ಉಪಾಯ ಮಾಡಿದರು. ಬಂಗಾಳದಲ್ಲಿ ಇಚ್ಛಾಮತಿ ನದಿಯೇ ಗಡಿಯಾಗಿರುವ ಒಂದು ಊರಿದೆ. ಈ ದಂಡೆಯಲ್ಲಿ ಅವನು, ಆ ದಂಡೆಯಲ್ಲಿ ಕೆಂಪು ಕೊಡೆ ಹಿಡಿದು ಅವಳು. ಹನ್ನೊಂದು ಗಂಟೆಗೆ.

ಹೋಗಿ ಬಂದವನು ನಾಲ್ಕು ದಿನ ಅಂಗಡಿ ತೆರೆಯಲಿಲ್ಲ. ಐದನೆಯ ದಿನ ನಾನೇ ಕೇಳಿದೆ.

"ಕಾಕಾ, ಅಕ್ಕ ಕಂಡ್ಲೇನು?"

"ಆಕಿ ಹನ್ನೊಂದು ಅಂದ್ಲು. ನಾ ಈ ಗಡಿಯಾರದಾಗ ಹನ್ನೊಂದಕ್ಕ ಹೋಗಿ ನಿಂತೆ. ಇದು ಆಕಿ ಟೈಮ್ ಅಲ್ಲೇನು? ಗಡಿ ಕಾಯೋ ಜವಾನ ಒಳ್ಳೆಂವ, ಅರ್ಧ ತಾಸು ನಿಂತ್ಕೋ ಅಂದ. ಅರ್ಧ ತಾಸು ಮುಗೀತು, ಕೊಡಿ ಕಾಣ್ಲಿಲ್ಲ. ಫೋನ್ ಹತ್ತವಲ್ದು. ಎದ್ದು ಬಂದೆ."

"ಮತ್ತ?"

"ಸಂಜಿಗೆ ಫೋನ್ ಹತ್ತಿದಾಗ ತಿಳೀತು, ಆಕಿ ಬಂದಿದ್ಲೋ ಮಾಸ್ತರ! ನಾ ಈ ಕಡೆ ಬೆನ್ನು ತಿರುಗಿಸೋದಽ ತಡ, ಆಕಿ ಆ ಕಡೆ ಬಂದು ನಿಂತಾಳ. ತಮ್ಮಗ ತಿಳೀಲಿ ಅಂತ ಇಂಡಿಯಾ ಟೈಮ್ ಲೆಕ್ಕ ಹಾಕಿ ಹನ್ನೊಂದು ಅಂದಿದ್ಲಂತ." ಅವನು ನಗಲು ನೋಡಿದ, ಆಗಲಿಲ್ಲ. "ನಾ ಆಕಿ ಟೈಮಿಗೆ ಹೋದೆ, ಆಕಿ ನನ್ನ ಟೈಮಿಗೆ ಬಂದ್ಲು."

"ಮರುದಿನ ಹೋಗಬೇಕಿತ್ತಲ್ಲ ಕಾಕಾ."

"ಮರುದಿನ ಆ ಕಡೆ ಬಂದ್. ಗಾಡಿ ಇಲ್ಲ, ಎಪ್ಪತ್ತೈದರ ಮುದುಕಿ ಹೆಂಗ ಬರ್ತಾಳ? ನನಗ ವಾಪಸ್ ರೈಲಿತ್ತು." ಆಮೇಲೆ ಎಂದಿನಂತೆ ನನ್ನನ್ನು ಚುಚ್ಚಿದ. "ಇದನ್ನ ನಿಮ್ಮ ಹುಡುಗರಿಗೆ ಹೇಳ್ರಿ. ಎರಡು ದೇಶ ಮಾತಾಡಾಕ ಕುಂತಾಗ, ಮೊದಲು ಯಾರ ಗಡಿಯಾರ ಅಂತ ಕೇಳ್ಬೇಕು."

ಆ ವಾರವೇ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: "ಭತ್ತ ಕಟಾವಾದ ಮೇಲೆ ಎರಡನೇ ಶುಕ್ರವಾರ, ಹನ್ನೊಂದಕ್ಕೆ, ಅಕ್ಕನ ಟೈಮು." ನಾನು ಮಸ್ಕಿ ಕಡೆಯ ಬಸ್ಸು ಹತ್ತಿದಾಗ ಅದನ್ನೇ ಮತ್ತೆ ದಪ್ಪಗೆ ತಿದ್ದುತ್ತಿದ್ದ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಕಟಾವಿಗೆ ಮುಂಚೆ ಒಂದು ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟ.

ಅಕ್ಕನಿಗೆ ಫೋನಿನಲ್ಲಿ ತಿಳಿಸಿದ್ದು ಅವನ ಮಗ ಬಿಕಾಶ. ಅವಳು "ಆ ಶುಕ್ರವಾರ ನಾನು ಬರ್ತೀನಿ, ನೀ ಬಾ" ಎಂದಳಂತೆ. ಬಿಕಾಶ ಅಪ್ಪನ ಗಡಿಯಾರ ಕಟ್ಟಿಕೊಂಡು ಹೋದ.

"ಅರ್ಧ ತಾಸು ಮೊದ್ಲಽ, ಆಕಿ ಟೈಮ್ ಹತ್ತೂವರಿಗೇ ಹೋದೆ ಅಣ್ಣಾ," ಎಂದ ತಿರುಗಿ ಬಂದು. "ಅಷ್ಟೊತ್ತಿಗಾಗ್ಲೇ ಕೆಂಪು ಕೊಡಿ ಬಂದು ನಿಂತಿತ್ತು. ಮುಖ ಕಾಣಂಗಿಲ್ಲ, ಅಷ್ಟು ದೂರ. ನಾ ಕೈ ಎತ್ತಿದೆ. ಆಕಿ ಕೊಡಿ ಎತ್ತಿದ್ಲು. ಜವಾನ ಹೋಗು ಅನ್ನೋತನಕ ಇಬ್ರೂ ಇಳಿಸ್ಲಿಲ್ಲ."

ಗೋಡೆಯ ಬರಹ ಈಗ ಮಾಸಿದೆ. ಮೊನ್ನೆ ಶುಕ್ರವಾರ ಬಸ್ಸಿಗೆ ಕಾಯುತ್ತ ಬಿಕಾಶನಿಗೆ ಟೈಮ್ ಕೇಳಿದೆ. ಹತ್ತಕ್ಕೆ ಹತ್ತು ನಿಮಿಷ ತೋರಿಸುತ್ತಿದ್ದ ಅಪ್ಪನ ಗಡಿಯಾರ ನೋಡಿ, ಅರ್ಧ ತಾಸು ಕಳೆದು, ಒಂಬತ್ತು ಇಪ್ಪತ್ತು ಎಂದ. ಆಮೇಲೆ ಕೈಯ ಎಣ್ಣೆ ಒರೆಸಿಕೊಂಡು ಫೋನನ್ನು ಹತ್ತಿರಕ್ಕೆ ಎಳೆದು ಇಟ್ಟುಕೊಂಡ.