ಪೆಟ್ರೋಲ್ ಕತ್ತರಿಯೂ ತಮ್ಮನ ಬೆರಳೂ

ಬೇಲಿ ಕತ್ತರಿಸುವ ಪೆಟ್ರೋಲ್ ಮಷೀನನ್ನು ಕೊಂಡವನು ಖಾನಾಪುರದ ನನ್ನ ತಮ್ಮ. ಆದರೆ ಮಳೆಗಾಲವಿಡೀ ಅದು ಇದ್ದದ್ದು ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯಲ್ಲಿ. ಅದಕ್ಕೆ ಕಾರಣ ಅವನ ಹೆಂಡತಿ.

ತಮ್ಮ ತಬಲಾ ಬಾರಿಸುತ್ತಾನೆ. ನೌಕರಿಯಿಂದ ನಿವೃತ್ತನಾದ ಮೇಲಂತೂ ಅವನ ದಿನವೆಲ್ಲ ತಬಲಾದ ಸುತ್ತಲೇ ತಿರುಗುತ್ತದೆ. ಅವರ ಓಣಿಯಲ್ಲಿ ಸೋಮವಾರದ ವಚನ ಭಜನೆ ಅವನು ಬಂದು ಕೂರುವ ತನಕ ಶುರುವಾಗುವುದಿಲ್ಲ. ಅಂಥವನ ಕೈಗೆ ಇಷ್ಟುದ್ದದ ಹಲ್ಲಿನ ಮಷೀನು ಬಂದರೆ ಬೆರಳು ಉಳಿಯುತ್ತವೆಯೇ ಎಂಬುದು ಅವಳ ಭಯ. ಅದು ಸುಳ್ಳು ಭಯವೇನಲ್ಲ. ನನ್ನ ತಮ್ಮ ಹುಟ್ಟಾ ಅವಸರದವನು. ಚಹಾ ಆರುವ ತನಕ ಕಾಯಲಾರದೆ ನಾಲಗೆ ಸುಟ್ಟುಕೊಳ್ಳುವುದು ಅವನಿಗೆ ದಿನದ ಕೆಲಸ.

ನಮ್ಮ ಮನೆಯ ಮುಂದೆ ಕಾರಿನಿಂದ ಮಷೀನಿನ ಡಬ್ಬಿ ಇಳಿಸಿದ ದಿನವೇ ಅವಳು ಶರತ್ತು ಹಾಕಿದಳು. “ಅಕ್ಕಾರ, ಇದು ನಿಮ್ಮ ಮನ್ಯಾಗ ಇರಲಿ. ಮೊದಲ ನೀವು ಕಲೀರಿ, ಆಮ್ಯಾಲೆ ಇವ್ರಿಗೆ ಕಲಸ್ರಿ. ಇವ್ರಿಗೆ ಬಂತು ಅಂತ ನೀವು ಹೇಳೂ ತನಕ ನಾ ಇದನ್ನ ಇವ್ರ ಕೈಯಾಗ ಕೊಡಂಗಿಲ್ಲ.”

“ನಾ ರೊಕ್ಕಾ ಕೊಟ್ಟು ತಂದ ಮಷಿನ್ನಿಗೆ ನಾನ ಪರೀಕ್ಷಾ ಬರೀಬೇಕೇನ?” ಎಂದ ತಮ್ಮ.

“ಬರೀರಿ. ಪಾಸಾದ್ರ ಬೇಲಿ ಕಡೀರಿ. ನಪಾಸಾದ್ರ ತಬಲಾ ಬಾರಸ್ಕೋಂತ ಕುಂದರ್ರಿ.”

ಪರೀಕ್ಷೆ ನಡೆಸಲು ನಾನೇ ಯಾಕೆ ಎಂದು ಯಾರೂ ಕೇಳಲಿಲ್ಲ. ನಾನು ನೌಕರಿ ಪೂರ್ತಿ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಕತ್ತರಿ, ಚಿಮಟ, ಹತ್ತಿಯ ತುಂಡು ಎಲ್ಲವನ್ನೂ ಹೊಟ್ಟೆ ತೆರೆಯುವ ಮುಂಚೆ ಎಣಿಸುತ್ತಿದ್ದೆವು, ಮುಚ್ಚುವ ಮುಂಚೆ ಮತ್ತೆ ಎಣಿಸುತ್ತಿದ್ದೆವು. ಎಷ್ಟೇ ದೊಡ್ಡ ಡಾಕ್ಟರ್ ಅವಸರ ಮಾಡಿದರೂ ಎಣಿಕೆ ಮುಗಿಯದೆ ಹೊಲಿಯುವ ದಾರ ಕೈಗೆ ಕೊಡುತ್ತಿರಲಿಲ್ಲ. ಆ ಅಭ್ಯಾಸ ಮನೆಗೂ ಬಂದಿದೆ. ನನ್ನ ಅಡುಗೆಮನೆಯಲ್ಲಿ ಈಳಿಗೆಯ ಜಾಗ ಎಂದರೆ ಅದು ಈಳಿಗೆಯದೇ.

ಮಷೀನಿನ ಜೊತೆ ಬಂದ ಪುಸ್ತಕವನ್ನು ಒಂದು ಅಕ್ಷರ ಬಿಡದೆ ಓದಿದೆ. ಸೀರೆ ಬಿಟ್ಟು ಚೂಡಿದಾರ ತೊಟ್ಟೆ, ಓಢಣಿ ಒಳಗಿಟ್ಟೆ, ಬೂಟು ಹಾಕಿದೆ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕೈಗೆ ದಪ್ಪ ಗ್ಲೌಸು. ನಮ್ಮ ಕಂಪೌಂಡಿನ ಮೆಹಂದಿ ಬೇಲಿಯ ಎದುರು ನಿಂತಾಗ ಬಾಜು ಮನೆಯವರು, “ಬಾಯಾರ, ಚಂದ್ರಲೋಕಕ್ಕ ಹೊಂಟೀರೇನ್ರಿ?” ಎಂದು ಕೇಳಿದರು. ಹೊರಟಿದ್ದೇನೆ, ನೀವು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದೆ. ಹಾಕಿಕೊಂಡರು.

ಮಷೀನು ಅಷ್ಟೇನೂ ಕಠಿಣದ್ದಲ್ಲ. ಹಳೆಯ ಸ್ಕೂಟರಿಗೆ ಮಾಡುತ್ತಿದ್ದಂತೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಎಂಜಿನ್ ಆರಿದ ಮೇಲೆಯೇ, ಬಯಲಲ್ಲಿ ಇಟ್ಟೇ ತುಂಬಬೇಕು. ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ದೂರ ಒಯ್ದು ಚಾಲೂ ಮಾಡಬೇಕು. ಹಿಂದಿನ ಹಿಡಿಕೆಯ ಮೇಲೆ ಒಂದು ಪಟ್ಟಿ ಇದೆ, ಕೆಳಗೆ ಆಕ್ಸಲರೇಟರ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಹಲ್ಲು ಓಡುತ್ತವೆ. ಕೈ ಸಡಿಲಾದರೆ ನಿಲ್ಲುತ್ತವೆ, ಅದೂ ತಕ್ಷಣ ಅಲ್ಲ, ಒಂದು ಉಸಿರು ಬಿಟ್ಟು. ಆ ಒಂದು ಉಸಿರಿನಲ್ಲಿಯೇ ಜನ ಸಿಕ್ಕಿದ ಕಡ್ಡಿ ಕೀಳಲು ಕೈ ಹಾಕುವುದು. ಕಡ್ಡಿ ಸಿಕ್ಕಿಕೊಂಡರೆ ಎಂಜಿನ್ ಬಂದ್ ಮಾಡಿ, ಹಲ್ಲು ಪೂರ್ತಿ ನಿಂತದ್ದನ್ನು ಕಣ್ಣಿಂದ ನೋಡಿ, ಆಮೇಲೆ ಮುಟ್ಟಬೇಕು. ಇದನ್ನು ತಮ್ಮನಿಗೆ ಹೇಳುವುದಕ್ಕಿಂತ ಮಾಡಿಸುವುದು ಕಷ್ಟವಾಯಿತು.

ಅವನು ವಾರಕ್ಕೊಮ್ಮೆ ಬರುತ್ತಿದ್ದ. ಮೊದಲ ಸಲ ಚಪ್ಪಲಿ ಹಾಕಿ ಬಂದ, ತಿರುಗಿ ಕಳಿಸಿದೆ. ಆಮೇಲಿನ ಸಲ ಬೂಟು ಹಾಕಿದ್ದ, ಕೊರಳಲ್ಲಿ ಟವೆಲ್ ಜೋತಾಡುತ್ತಿತ್ತು.

“ಅಕ್ಕಾ, ನೀ ಮೊದಲ ಬೇಲಿ ತೋರಸ್ತೀಯೋ, ನನ್ನ ಅರಿವಿ ನೋಡ್ತೀಯೋ?”

“ಅರಿವಿ. ಬೇಲಿ ಎಲ್ಲೂ ಓಡಿ ಹೋಗಂಗಿಲ್ಲ.”

ಅವನಿಗೆ ನಾನು ಕಲಿಸಿದ್ದು ತಬಲಾದ ರೀತಿಯಲ್ಲೇ. ಬಾರಿಸುವ ಮುಂಚೆ ಅವನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವರ ಕೂಡಿಸಿಕೊಳ್ಳುತ್ತಾನಲ್ಲ, ಆಗ ಯಾರು ಎಷ್ಟೇ ಕರೆದರೂ ತಲೆ ಎತ್ತುವುದಿಲ್ಲ. ಹಾಗೇ ಇದಕ್ಕೂ ಕೂಡಿಸಿಕೊಳ್ಳುವುದು ಇದೆ ಎಂದೆ. ಬೇಲಿಯೊಳಗೆ ಕೋಲು ಆಡಿಸಿ ತಂತಿ, ಗೂಡು, ಹಾವು ನೋಡು. ಸುತ್ತ ಯಾರಿದ್ದಾರೆ ನೋಡು. ಎಂಜಿನ್ ಬಂದ್ ಇರುವಾಗಲೇ ಪಟ್ಟಿ ಒತ್ತಿ ಬಿಡು, ಆಕ್ಸಲರೇಟರ್ ಒತ್ತಿ ಬಿಡು, ಎರಡೂ ತಮ್ಮಷ್ಟಕ್ಕೆ ತಿರುಗಿ ಬರಬೇಕು. ಆಮೇಲೆ ಚಾಲೂ ಮಾಡುವ ಹಗ್ಗ ಜಗ್ಗು. ಈ ಮಾತು ಅವನೊಳಗೆ ಇಳಿದಂತೆ ಕಂಡಿತು. ಆದರೂ ಪಾಸು ಎನ್ನಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿ ನಾನು ಅವನ ಪಕ್ಕದಲ್ಲೇ ನಿಂತಿರುತ್ತಿದ್ದೆ. ನಾನಿಲ್ಲದಾಗ ಮಾಡುತ್ತಾನೆಯೇ ಎಂಬುದೇ ಪ್ರಶ್ನೆ.

ದಸರೆ ಬಂತು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಹೊಸ ಮಷೀನು ಮನೆಯಲ್ಲಿ ಇರಲೇಬೇಕು ಎಂದು ತಮ್ಮನ ಹೆಂಡತಿಯೇ ಫೋನು ಮಾಡಿದಳು. ಟ್ಯಾಂಕಿನ ಪೆಟ್ರೋಲ್ ಬಸಿದು, ಹಲ್ಲಿಗೆ ಕವರು ಹಾಕಿ, ತಮ್ಮನ ಕಾರಿನಲ್ಲಿ ಅದರ ಜೊತೆ ನಾನೂ ಖಾನಾಪುರಕ್ಕೆ ಹೋದೆ. ಮಳೆ ಆಗಷ್ಟೇ ಹಿಂದೆ ಸರಿದಿತ್ತು. ಅವರ ಮನೆಯ ಮುಂದಿನ ಮೆಹಂದಿ ಬೇಲಿ ಆಳೆತ್ತರ ಬೆಳೆದು ರಸ್ತೆಯ ಮೇಲೆ ವಾಲಿತ್ತು.

ಕುಡುಗೋಲು, ಕೊಡಲಿ, ಹೊಲಿಗೆ ಮಷೀನು, ತಬಲಾ, ಇವುಗಳ ಸಾಲಿನಲ್ಲಿ ನಮ್ಮದೂ ಕೂತಿತು. ಅವಳು ವಿಭೂತಿ ಹಚ್ಚಿದಳು, ಚೆಂಡುಹೂವಿನ ಮಾಲೆ ಹಾಕಿದಳು, ಎಲ್ಲಕ್ಕೂ ಅರಿಶಿನ ಹಚ್ಚಿದ ನೂಲು ಸುತ್ತಿದಳು. ಮರುದಿನ ಬನ್ನಿ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ಓಣಿಯೆಲ್ಲ ತಿರುಗಿ ಬಂದೆವು. ಹೋಳಿಗೆ ಉಂಡೆವು. ಪೂಜೆಗಿಟ್ಟ ಆಯುಧವನ್ನು ಯಾರೂ ಮುಟ್ಟಲಿಲ್ಲ.

ಅದರ ಮರುದಿನ ಮುಂಜಾನೆ ತಮ್ಮ ನಾನು ಕರೆಯುವ ಮುಂಚೆಯೇ ಬೂಟು ಕಟ್ಟಿ ಅಂಗಳದಲ್ಲಿ ನಿಂತಿದ್ದ. ಟವೆಲ್ ಇರಲಿಲ್ಲ. ಹೂವಿನ ಮಾಲೆ ತೆಗೆದಿದ್ದ. ಪೆಟ್ರೋಲ್ ತುಂಬಿದ, ಒರೆಸಿದ, ದೂರ ಒಯ್ದ. ಬೇಲಿಯೊಳಗೆ ಕೋಲು ಆಡಿಸಿದ. ಅವನ ಹೆಂಡತಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಕೈಯಲ್ಲಿ ಅವರೆಕಾಯಿಯ ಬುಟ್ಟಿ ಇತ್ತು, ಆದರೆ ಒಂದು ಕಾಯಿಯೂ ಸುಲಿಯುತ್ತಿರಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಹಾಲಿನ ಗಾಡಿಯವನು ಬಂದ. ಅವನನ್ನು ಆಚೆ ನಿಲ್ಲಿಸಲೆಂದು ನಾನು ಗೇಟಿಗೆ ಹೋಗಿ ಕೈ ಎತ್ತಿದೆ. ಬೆನ್ನ ಹಿಂದೆ ಎಂಜಿನ್ ಈಗ ಗುರ್ರೆನ್ನುತ್ತದೆ ಎಂದು ಕಿವಿ ಗಟ್ಟಿ ಮಾಡಿಕೊಂಡೆ. ಗುರ್ರೆನ್ನಲಿಲ್ಲ.

ತಿರುಗಿ ನೋಡಿದರೆ ತಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಹಗ್ಗ ಬಿಟ್ಟು ಹಿಡಿಕೆಯನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡುತ್ತಿದ್ದ.

“ಅಕ್ಕಾ, ಇಲ್ಲಿ ಬಾ. ಇದು ಒಳಗ ಹೋಗೇತಿ, ತಿರುಗಿ ಬರವಲ್ದು.”

ನೋಡಿದೆ. ಅರಿಶಿನದ ನೂಲು ಹಿಂದಿನ ಹಿಡಿಕೆಯ ಸುತ್ತ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿಕೊಂಡಿತ್ತು. ಮೇಲಿನ ಪಟ್ಟಿಯೂ ಕೆಳಗಿನ ಆಕ್ಸಲರೇಟರೂ ಅದರೊಳಗೆ ಒತ್ತಿ ಕೂತಿದ್ದವು. ಹಸಿ ನೂಲು ಒಣಗಿ ಇನ್ನಷ್ಟು ಬಿಗಿದಿತ್ತು. ಹಿಡಿಕೆ ಹಳದಿಯಾದದ್ದನ್ನು ನಾನು ಮುಂಜಾನೆ ನೋಡಿದ್ದೆ, ಚೆಂದ ಕಾಣುತ್ತಿದೆ ಎಂದಷ್ಟೇ ಅಂದುಕೊಂಡಿದ್ದೆ.

ತಮ್ಮ ನೂಲಿಗೆ ಉಗುರು ಹಾಕಿದ. ಕಟ್ಟೆಯಿಂದ ಅವಳು ಕೂಗಿದಳು. “ಅಯ್ಯ! ಪೂಜಿ ದಾರ ಹರೀಬ್ಯಾಡ್ರಿ. ಅದು ತಾನ ಉದರಬೇಕು.”

“ತಾನ ಉದರೂ ತನಕ ಇವನ ಬೆರಳು ಇರ್ತಾವೇನವಾ?” ಎಂದೆ. “ಬಾ ಇಲ್ಲಿ. ಕುಂದರು, ನೋಡು. ಈ ದಾರದಾಗ ಮಷಿನ್ ಒತ್ತಿ ಹಿಡದಂಗ ಆಗೇತಿ. ಇವ ಹಗ್ಗ ಜಗ್ಗಿದ ಕೂಡಲೆ ಹಲ್ಲು ಓಡತಿದ್ವು. ಕೈ ಬಿಟ್ರೂ ನಿಲ್ಲತಿರಲಿಲ್ಲ.”

ಅವಳು ಮಷೀನನ್ನು ನೋಡಿದಳು, ಗಂಡನ ಕೈ ನೋಡಿದಳು. ಬುಟ್ಟಿ ಕೆಳಗಿಟ್ಟಳು.

“ನಾನ ಕಟ್ಟೀನ್ರೀ ಅಕ್ಕಾರ. ಇವ್ರಿಗೆ ಏನೂ ಆಗಬಾರ್ದು ಅಂತ ಒಂದೆರಡು ಸುತ್ತು ಹೆಚ್ಚಿಗಿ ಸುತ್ತಿದ್ನಿ.”

“ಭಾಳ ಪ್ರೀತಿ ಇದ್ರ ಹಿಂಗ ಬಿಗೀ ಆಗತೈತಿ,” ಎಂದ ತಮ್ಮ. ಅವಳು ಅವನ ಭುಜಕ್ಕೆ ಒಂದು ಕೊಟ್ಟಳು, ಆದರೆ ಕಣ್ಣು ಒರೆಸಿಕೊಂಡೇ ಕೊಟ್ಟಳು.

ಹರಿಯುವುದು ಬೇಡ, ಬಿಚ್ಚೋಣ ಎಂದೆ. ಎಂಜಿನ್ ಅಕಸ್ಮಾತ್ ಚಾಲೂ ಆಗದಂತೆ ತಮ್ಮ ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆ ಕಿತ್ತಿಟ್ಟ. ಅದನ್ನು ನಾನು ಹೇಳಬೇಕಾಗಲಿಲ್ಲ. ಹೊಲಿಗೆ ಸೂಜಿ ತಂದು ಅವಳೇ ಗಂಟು ಸಡಿಲಿಸಿದಳು, ಸುತ್ತು ಸುತ್ತಾಗಿ ಬಿಚ್ಚಿದಳು. ಮೊದಲು ಪಟ್ಟಿ, ಆಮೇಲೆ ಆಕ್ಸಲರೇಟರ್ ಟಕ್ ಟಕ್ ಎಂದು ಹೊರಗೆ ಬಂದವು. ನೂಲನ್ನು ಹಲ್ಲಿನ ಪ್ಲಾಸ್ಟಿಕ್ ಕವರಿನ ತುದಿಗೆ ಕಟ್ಟಿಸಿದೆ.

“ಇಲ್ಲಿ ಕಟ್ಟಿದ್ರ ನಡೀತದೇನ್ರಿ?”

“ದೇವರಿಗೂ ಆರಾಮ, ಇವನಿಗೂ ಆರಾಮ.”

ಅವಳು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು. “ಅಕ್ಕಾರ, ಖರೇ ಹೇಳ್ರಿ. ಪಾಸ್ ಅದಾರೇನ್ರಿ ಇವ್ರು?”

ಹಾಲಿನ ಗಾಡಿ ಬಂದಾಗ ನಾನು ಗೇಟಿನಲ್ಲಿ ರಸ್ತೆಯತ್ತ ಮುಖ ಮಾಡಿ ನಿಂತಿದ್ದೆ. ನಾನು ನೋಡದಾಗ ಅವನು ಒತ್ತಿ ನೋಡಿದ್ದ, ಬಿಟ್ಟು ನೋಡಿದ್ದ. ನನಗೆ ಬೇಕಾಗಿದ್ದದ್ದು ಅಷ್ಟೇ. “ಪಾಸ್ ಅದಾನ,” ಎಂದೆ.

“ಹಂಗಾರ ಹೋಗ್ರಿ, ಕಡೀರಿ,” ಎಂದಳು ಗಂಡನಿಗೆ. ತಾನಾಗಿ ಹಿಂದೆ ಸರಿದು ಬಾಗಿಲ ತನಕ ಹೋದಳು.

ಮಷೀನು ಒಂದೇ ಎಳೆತಕ್ಕೆ ಚಾಲೂ ಆಯಿತು. ಹಲ್ಲು ಸುಮ್ಮನಿದ್ದವು, ಅವನು ಎರಡೂ ಕೈಯಲ್ಲಿ ಎತ್ತಿ ಒತ್ತಿದ ಮೇಲೆ ಓಡಿದವು. ಕೆಳಗಿನಿಂದ ಮೇಲಕ್ಕೆ ಬೀಸುತ್ತ ಹೋದ. ಭುಜಕ್ಕಿಂತ ಎತ್ತರದ ಕೊಂಬೆಗಳಿಗೆ ಕೈ ಚಾಚದೆ ಕುಡುಗೋಲಿಗೆ ಬಿಟ್ಟ. ಒಂದು ಕಡ್ಡಿ ಸಿಕ್ಕಿತು, ಬಂದ್ ಮಾಡಿದ, ನೋಡಿದ, ತೆಗೆದ. ಕೈ ಜುಂ ಎಂದಾಗ ನಿಲ್ಲಿಸಿ ಕಟ್ಟೆಗೆ ಬಂದು ಚಹಾ ಕುಡಿದ. ಅದನ್ನು ಮಾತ್ರ ಬಿಸಿಯಾಗೇ ಕುಡಿದು ನಾಲಗೆ ಸುಟ್ಟುಕೊಂಡ.

ಬೇಲಿ ಸೊಟ್ಟ ಬಂತು. ನಡುವೆ ಒಂಟೆಯ ಬೆನ್ನಿನಂತೆ ಒಂದು ಉಬ್ಬು. ಅದನ್ನು ನೇರ ಮಾಡಲು ನನ್ನ ಕೈ ತುರಿಸುತ್ತಿತ್ತು. ಕೈ ಕಟ್ಟಿಕೊಂಡು ಕೂತೆ.

ಸಂಜೆ ಎದುರು ಮನೆಯ ಮರಾಠಿ ಅಜ್ಜ ಚಪ್ಪಲಿ ಎಳೆಯುತ್ತ ಬಂದು ಗೇಟಿನಲ್ಲಿ ನಿಂತ. “ಕಾಯ್ ಭಾವು, ನಮ್ಮ ಬೇಲೀನೂ ಜರಾ ಕಡದ ಕೊಡ್ತಿ ಏನ?”

ತಮ್ಮ ಬಾಯಿ ತೆರೆಯುವ ಮುಂಚೆ ಅವನ ಹೆಂಡತಿ ಉತ್ತರ ಕೊಟ್ಟಳು. “ನಾಳೆ ಮುಂಜಾನೆ ಬರ್ತಾರ್ರಿ ಅಜ್ಜಾರ. ಆದ್ರ ನೀವು ಬೇಲಿ ಒಳಗ ತಂತಿ ಗಿಂತಿ ಇದ್ರ ಇವತ್ತ ತಗೀರಿ. ಮತ್ತ ಇವ್ರು ಮಷಿನ್ ಹಿಡದಾಗ ಅಂಗಳದಾಗ ಬರಬ್ಯಾಡ್ರಿ. ನಾನ ಗೇಟಿನ್ಯಾಗ ನಿಂದರಾಕಿ ಅದೀನಿ.”